ಹ್ಯಾಂಡ್ ಬ್ರೇಕಿನ ಪರವಾಗಿ ಒಂದು ವಕಾಲತ್ತು

ಹೊಸ ಕಾರು ಮನೆಗೆ ಬಂದು ಆರು ತಿಂಗಳಾಗುತ್ತ ಬಂತು. ಆದರೂ ನನ್ನ ಎಡಗೈ ಇನ್ನೂ ಹಳೆಯ ಕಾರಿನಲ್ಲೇ ಕುಳಿತಿದೆ. ಗಾಡಿ ನಿಲ್ಲಿಸಿದ ತಕ್ಷಣ ಅದು ನನ್ನನ್ನು ಕೇಳದೆ ಸೀಟಿನ ಪಕ್ಕಕ್ಕೆ ಇಳಿಯುತ್ತದೆ, ಏನನ್ನೋ ತಡಕಾಡುತ್ತದೆ, ಸಿಗದೆ ಅಲ್ಲಿರುವ ಲೋಟ ಇಡುವ ಕುಳಿಯೊಳಗೆ ಹೋಗಿ ಬೀಳುತ್ತದೆ. ಒಮ್ಮೆ ಹೊನ್ನಾವರದ ಪೇಟೆಯಲ್ಲಿ ಹೀಗೆ ತಡಕಾಡಿದ ಕೈ, ಆ ಕುಳಿಯಲ್ಲಿಟ್ಟಿದ್ದ ಬಿಸಿ ಚಹಾದ ಕಾಗದದ ಲೋಟವನ್ನೇ ಬಿಗಿಯಾಗಿ ಹಿಡಿದು ಮೇಲಕ್ಕೆ ಎಳೆಯಿತು. ಪ್ಯಾಂಟಿನ ಕಲೆ ಎರಡು ಒಗೆತಕ್ಕೆ ಹೋಯಿತು. ಕೈಯ ಚಾಳಿ ಹೋಗಲಿಲ್ಲ.

ಕೈ ಹುಡುಕುವುದು ಹ್ಯಾಂಡ್ ಬ್ರೇಕನ್ನು. ಹೊಸ ಕಾರಿನಲ್ಲಿ ಅದಿಲ್ಲ. ಅದರ ಬದಲು ಹೆಬ್ಬೆರಳಿನ ಅಗಲದ ಒಂದು ಸ್ವಿಚ್ಚು ಇದೆ. ಬೆರಳಿನಿಂದ ಅದನ್ನು ಮೇಲಕ್ಕೆತ್ತಿದರೆ ಹಿಂದಿನ ಚಕ್ರಗಳ ಹತ್ತಿರ, ಮೂರನೆಯ ಮನೆಯಲ್ಲಿ ಮಿಕ್ಸರ್ ತಿರುಗಿದ ಹಾಗೆ ಒಂದು ಸಣ್ಣ ಸದ್ದಾಗುತ್ತದೆ, ಎದುರಿಗೊಂದು ಕೆಂಪು ದೀಪ ಹತ್ತುತ್ತದೆ. ಅಷ್ಟಕ್ಕೆ ಬ್ರೇಕು ಬಿತ್ತು ಎಂದು ನಂಬಬೇಕು. ನಾನು ಮೂವತ್ತೊಂದು ವರ್ಷ ಕುಮಟಾದಿಂದ ಭಟ್ಕಳದ ಕಾಲೇಜಿಗೆ ಹೋಗಿ ಬಂದು ಇತಿಹಾಸ ಪಾಠ ಮಾಡಿದವನು. ದೀಪ ಹತ್ತಿದ್ದನ್ನು ಪುರಾವೆ ಎಂದು ಒಪ್ಪುವ ಜಾತಿಯವನಲ್ಲ. ಮೊದಲ ವಾರವಿಡೀ ಇಳಿದ ಮೇಲೆ ಕಾರಿನ ಹಿಂದೆ ಹೋಗಿ ಎರಡೂ ಕೈಯಿಂದ ದೂಡಿ ನೋಡುತ್ತಿದ್ದೆ. ಎದುರು ಮನೆಯವರು ಪಾಪ, ಗಾಡಿ ಕೆಟ್ಟಿದೆ ಎಂದುಕೊಂಡು ಎರಡು ಸಲ ದೂಡಲು ಓಡಿಬಂದರು.

ಹ್ಯಾಂಡ್ ಬ್ರೇಕಿನದು ಹಾಗಲ್ಲ. ಎಳೆದಷ್ಟು ಹಿಡಿಯುತ್ತದೆ, ಹಿಡಿದಷ್ಟನ್ನು ಹೇಳುತ್ತದೆ. ನನ್ನ ಹಳೆಯ ಕಾರಿಗೆ ಕುಮಟಾ ಪೇಟೆಯಲ್ಲಿ ಲಿವರು ಎಳೆಯುವಾಗ ಮೂರು 'ಕಟ್' ಸದ್ದು ಸಾಕು. ಹೊನ್ನಾವರದಲ್ಲಿ ಗಾಡಿಗಳು ಸಾಲುಗಟ್ಟಿ ನಿಂತರೆ ನಾಲ್ಕು. ನಮ್ಮ ಮನೆಯೆದುರಿನ ಏರಿನಲ್ಲಿ ಆರು, ಮಳೆಗಾಲದಲ್ಲಿ ಮಾತ್ರ ಏಳು. ಎಂಟನೆಯ 'ಕಟ್' ಕೇಳಿಸಿತೆಂದರೆ ಕೇಬಲ್ ಸಡಿಲಾಗಿದೆ, ಭಟ್ಕಳದ ಇಲ್ಯಾಸ್ ಭಾಯಿಯ ಗ್ಯಾರೇಜಿಗೆ ಹೋಗಬೇಕು ಎಂದರ್ಥ. ಇಲ್ಯಾಸ್ ಭಾಯಿ ನಟ್ಟು ಬಿಗಿಯುವ ಒಂದು ಪಾನಾ ಹಿಡಿದು ಗಾಡಿಯ ಕೆಳಗೆ ಮಲಗಿದರೆ, ನನಗೆ ತರಿಸಿಕೊಟ್ಟ ಚಹಾ ಮುಗಿಯುವುದರೊಳಗೆ ಎದ್ದು ಬಂದು ಕೈ ಒರೆಸಿಕೊಳ್ಳುತ್ತಾರೆ. ಹೊಸ ಕಾರನ್ನೂ ಅವರಿಗೆ ತೋರಿಸಿದ್ದೆ. ಕೆಳಗೆ ಮಲಗಿ ಬಹಳ ಹೊತ್ತು ನೋಡಿದರು. ಎದ್ದು ಬಂದು, "ಸರ್, ಇದಕ್ಕೆ ಪಾನಾ ಹಾಕುಕೆ ಜಾಗವೇ ಇಲ್ಲ. ಇದು ಕಂಪ್ಯೂಟರ್ ಕೇಳ್ತದೆ" ಎಂದರು. ನಮ್ಮ ಕಡೆಯ ಡಾಕ್ಟರು ರೋಗಿಯನ್ನು ಮಣಿಪಾಲಕ್ಕೆ ಒಯ್ಯಿರಿ ಎನ್ನುವಾಗ ಬಳಸುವ ಧ್ವನಿ ಅದು. ಆ ದಿನ ಚಹಾ ಸಪ್ಪಗಿತ್ತು.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಈ ಹ್ಯಾಂಡ್ ಬ್ರೇಕಿನ ವಿಷಯದಲ್ಲಿ ನಮ್ಮ ಮನೆಯಲ್ಲಿ ಒಂದು ವ್ಯಾಜ್ಯವೇ ನಡೆದುಹೋಯಿತು. ಎದುರು ಪಕ್ಷದಲ್ಲಿ ಇದ್ದವಳು ನನ್ನ ಹೆಂಡತಿ ಸುಮಂಗಲಾ. ಅವಳು ಹೈಸ್ಕೂಲಿನಲ್ಲಿ ಗಣಿತದ ಟೀಚರು. ಕುಮಟಾ ಪೇಟೆಯ ಶಾಲೆಯಲ್ಲಿ ಮಕ್ಕಳು ಕಡಿಮೆಯಾಗಿ, ಅವಳು ಹೆಚ್ಚುವರಿ ಎಂದಾಗಿ, ಈ ಜೂನಿನಿಂದ ಕತಗಾಲದ ಆಚೆಯ ಒಂದು ಶಾಲೆಗೆ ಹೋಗಬೇಕೆಂದು ಕಳೆದ ದೀಪಾವಳಿಯ ಹೊತ್ತಿಗೆ ಆದೇಶ ಬಂತು. ಶಿರಸಿ ರಸ್ತೆಯಲ್ಲಿ ಬಸ್ಸಿಳಿದು ತೋಟಗಳ ನಡುವೆ ಎರಡು ಮೈಲಿ ಒಳಗೆ ಆ ಶಾಲೆ. ಒಂದು ಬಸ್ಸಿಗೆ ಹೋದರೆ ಗೇಟು ತೆರೆಯುವ ಮೊದಲೇ ಮುಟ್ಟುತ್ತಾಳೆ, ಮತ್ತೊಂದಕ್ಕೆ ಹೋದರೆ ಪ್ರಾರ್ಥನೆ ಮುಗಿದಿರುತ್ತದೆ. ಅವಳ ಸರ್ವಿಸ್ ಇನ್ನೂ ಆರು ವರ್ಷ ಇತ್ತು. ಕಾರು ಕಲಿಯಬೇಕು, ಇಲ್ಲವೇ ಸ್ವಯಂ ನಿವೃತ್ತಿ ಬರೆದುಕೊಡಬೇಕು. ಮೂರನೆಯ ದಾರಿಯೊಂದು ಇತ್ತು: ನಾನು ಅದೇ ಆಗ ನಿವೃತ್ತನಾಗಿದ್ದೆ, ದಿನಾ ಬಿಟ್ಟು ಬರುತ್ತೇನೆ ಎಂದೆ. ಅವಳು ಅನ್ನ ಬಡಿಸುತ್ತಿದ್ದವಳು ಸೌಟು ಕೆಳಗಿಟ್ಟಳು.

"ನೀವು ನಿವೃತ್ತಿ ಆಗಿದ್ದು ನನ್ನ ಡ್ರೈವರ್ ಆಗುಕಲ್ಲ. ನಿಮಗೊಂದು ದಿನ ಜ್ವರ ಬಂದ್ರೆ ನನ್ನ ಹತ್ತನೇ ಕ್ಲಾಸಿನ ಮಕ್ಕಳು ಎಂತ ಮಾಡ್ಬೇಕು?"

ಗಣಿತದವರ ಹತ್ತಿರ ವಾದ ಮಾಡಬಾರದು. ಅವಳ ಬಳಿ ಹಳೆಯದೊಂದು ಲೈಸೆನ್ಸು ಇತ್ತು, ಮದುವೆಯ ಸೀರೆಯ ಹಾಗೆ ಒಮ್ಮೆ ಉಪಯೋಗಿಸಿ ಒಳಗಿಟ್ಟದ್ದು. ಕಲಿಸುವ ಜವಾಬ್ದಾರಿ ನನ್ನದು ಎಂದೆ, ಮರುದಿನವೇ ಹಳೆಯ ಕಾರು ಹೊರಗೆ ತೆಗೆದೆ. ಸಮಗದ್ದೆ ಬಯಲಿನಲ್ಲಿ ಅವಳು ಎರಡೇ ವಾರದಲ್ಲಿ ಗಿಯರು, ಕ್ಲಚ್ಚು, ರಿವರ್ಸು ಎಲ್ಲ ಕಲಿತಳು. ಸಂಕಟ ಇದ್ದದ್ದು ನಮ್ಮ ಓಣಿಯಲ್ಲಿ.

ಈ ಓಣಿಯ ಬಗ್ಗೆ ಸ್ವಲ್ಪ ಹೇಳಬೇಕು. ಹೆದ್ದಾರಿಯನ್ನು ಅಗಲ ಮಾಡುವಾಗ ಎತ್ತರವನ್ನೂ ಹೆಚ್ಚಿಸಿದರು. ನಮ್ಮ ಓಣಿ ಮಾತ್ರ ಮೊದಲಿದ್ದಲ್ಲೇ ಉಳಿಯಿತು. ಹಾಗಾಗಿ ಈಗ ಓಣಿಯಿಂದ ಹೆದ್ದಾರಿಗೆ ಸೇರುವ ಕೊನೆಯ ಮೂವತ್ತು ಅಡಿ, ಮಕ್ಕಳ ಜಾರುಬಂಡಿಯನ್ನು ಕೆಳಗಿನಿಂದ ಹತ್ತಿದ ಹಾಗೆ ಇದೆ. ಕುಮಟಾದಿಂದ ಭಟ್ಕಳದವರೆಗೆ ಇಂಥ ಏರುಗಳು ಎಷ್ಟೋ ಇವೆ, ನೀವೂ ಎಲ್ಲಿಯೋ ಒಂದನ್ನು ಹತ್ತಿರುತ್ತೀರಿ. ಗಾಡಿಯ ಮೂತಿ ಆಕಾಶ ನೋಡುತ್ತಿರುತ್ತದೆ. ಎದುರಿಗೆ ಗ್ಯಾಸ್ ಟ್ಯಾಂಕರುಗಳು ಒಂದರ ಹಿಂದೆ ಒಂದು ಹೋಗುತ್ತಿರುತ್ತವೆ. ಹಿಂದೆ ಮೀನಿನ ಟೆಂಪೋದವನು ಹಾರನ್ ಒತ್ತುತ್ತಿರುತ್ತಾನೆ. ಅಲ್ಲಿ ಹ್ಯಾಂಡ್ ಬ್ರೇಕು ಎಳೆದು, ಕ್ಲಚ್ಚನ್ನು ಅರ್ಧ ಬಿಟ್ಟು, ಗಾಡಿ ಮೈ ಬಿಗಿಹಿಡಿದದ್ದು ಸೀಟಿನ ಕೆಳಗೆ ಗೊತ್ತಾದ ಮೇಲೆ ಹ್ಯಾಂಡ್ ಬ್ರೇಕನ್ನು ಮೆಲ್ಲಗೆ ಇಳಿಸಬೇಕು. ಆಗ ಗಾಡಿ ಒಂದು ಅಂಗುಲವೂ ಹಿಂದೆ ಹೋಗದೆ ಹೆದ್ದಾರಿ ಹತ್ತುತ್ತದೆ. ಇದು ಕಲೆ. ಸ್ವಿಚ್ಚಿಗೆ ಇದು ಬರುವುದಿಲ್ಲ ಎಂಬುದು ನನ್ನ ವಕಾಲತ್ತಿನ ಮುಖ್ಯ ಅಂಶ.

ಸುಮಂಗಲಾಗೆ ಆ ಏರು ಸರಿಯಾಗುವವರೆಗೆ ನಾವು ಕೆಲಸ ಹಂಚಿಕೊಳ್ಳೋಣ ಎಂದೆ. ಕ್ಲಚ್ಚು ಅವಳದು, ಹ್ಯಾಂಡ್ ಬ್ರೇಕು ನನ್ನದು. ಹ್ಯಾಂಡ್ ಬ್ರೇಕಿನ ದೊಡ್ಡ ಗುಣವೇ ಇದು. ಅದು ಇಬ್ಬರ ನಡುವೆ ಇರುತ್ತದೆ, ಎರಡೂ ಸೀಟಿನವರ ಕೈಗೆ ಸಿಗುತ್ತದೆ. ಗಾಡಿಯಲ್ಲಿ ಬೇರೆ ಎಲ್ಲವೂ ಒಬ್ಬನೇ ಮಾಡುವ ಕೆಲಸ. ಇದೊಂದು ಮಾತ್ರ ಜಂಟಿ ಖಾತೆ. ನೀವು ಗಮನಿಸಿರಬಹುದು, ಓಡಿಸುತ್ತಿರುವವನು ಧಡಕ್ಕನೆ ಕಾಲಿನ ಬ್ರೇಕು ಒತ್ತಿದಾಗ ಅವನ ಎಡಗೈ ಪಕ್ಕದಲ್ಲಿ ಕೂತವರ ಎದೆಗೆ ಅಡ್ಡ ಹೋಗುತ್ತದೆ. ಯಾರೂ ಅದನ್ನು ಕಲಿಸಿಲ್ಲ. ನಿಲ್ಲಿಸುವ ಕೆಲಸ ಕಾಲಿನದಾದರೂ ಕಾಪಾಡುವ ಕೆಲಸ ಕೈಯದು ಎಂದು ಮನುಷ್ಯನಿಗೆ ಒಳಗೇ ಗೊತ್ತಿದೆ. ಹಾಗೆಂದು ನಾನು ಸುಮಂಗಲಾಗೂ ವಿವರಿಸಿದೆ. ಅವಳು, "ಕೈ ಅಡ್ಡ ಇಟ್ರೆ ನನಗೆ ರಸ್ತೆ ಕಾಣುದಿಲ್ಲೆ" ಎಂದಳು.

ಅವಳ ತವರು ಕತಗಾಲದ ಕಡೆಯ ತೋಟದ ಊರು. ಸಿಟ್ಟು ಬಂದಾಗ ಅಥವಾ ಅಳು ಬಂದಾಗ ಅಲ್ಲಿಯ 'ಇಲ್ಲೆ', 'ಬತ್ತೆ' ಬಾಯಿಗೆ ಬರುತ್ತವೆ. ಆ ಚಳಿಗಾಲದಲ್ಲಿ ಅವು ಬಹಳ ಸಲ ಬಂದವು. ಏರಿನ ಬುಡಕ್ಕೆ ಬಂದು ನಿಲ್ಲುವುದು, ಅವಳು ಕ್ಲಚ್ಚು ಬಿಡುವುದು, ಗಾಡಿ ಅಲುಗುವುದು, ಎಂಜಿನ್ ಧಬಕ್ಕನೆ ನಿಂತುಹೋಗುವುದು. ಮತ್ತೆ ಕೀಲಿ ತಿರುಗಿಸುವುದು, ಮತ್ತೆ ನಿಲ್ಲುವುದು. ಹಿಂದಿನವನ ಹಾರನ್ನು. ಆಮೇಲೆ ಇಬ್ಬರೂ ಇಳಿದು ಸೀಟು ಬದಲಿಸಿಕೊಂಡು ನಾನು ಹತ್ತಿಸುವುದು. ಫೆಬ್ರವರಿಯ ಒಂದು ದಿನ ಅವಳು ಸೀಟು ಬದಲಿಸಲು ಇಳಿದವಳು ಗಾಡಿ ಹತ್ತಲೇ ಇಲ್ಲ, ನಡೆದೇ ಮನೆಗೆ ಹೋದಳು. "ನನ್ನ ಕಾಲಿಗೇ ಇದು ಬತ್ತಿಲ್ಲೆ. ಬಿಟ್ಟುಬಿಡಿ" ಎಂದಳು. ಅವತ್ತು ಸಂಜೆ ಕಂಪ್ಯೂಟರಿನಲ್ಲಿ ಸ್ವಯಂ ನಿವೃತ್ತಿಯ ಅರ್ಜಿಯ ನಮೂನೆ ತೆರೆದು ಕೂತಿದ್ದನ್ನು ನೋಡಿದೆ. ಇಪ್ಪತ್ತೆಂಟು ವರ್ಷ ಮಕ್ಕಳಿಗೆ 'ಬರುವುದಿಲ್ಲ ಎನ್ನಬಾರದು' ಎಂದು ಹೇಳಿದವಳು ತನಗೇ ಅದನ್ನು ಹೇಳಿಕೊಂಡದ್ದು ನೋಡಿ ನನಗೆ ನಿಜವಾಗಿ ದುಃಖವಾಯಿತು. ನಾನು ಕಲಿಸುವುದನ್ನು ಇನ್ನೂ ಚೆನ್ನಾಗಿ ಮಾಡಬೇಕು ಎಂದುಕೊಂಡೆ. ಹ್ಯಾಂಡ್ ಬ್ರೇಕನ್ನು ಇನ್ನೂ ಬಿಗಿಯಾಗಿ ಹಿಡಿಯಬೇಕು ಎಂದೂ ಅಂದುಕೊಂಡೆ.

ಬ್ರೇಕು ಎನ್ನುವುದು ಎಂಜಿನ್ ಬಂದ ಮೇಲೆ ಹುಟ್ಟಿದ್ದಲ್ಲ. ಇತಿಹಾಸದ ಮೇಷ್ಟರನ್ನು ಇಷ್ಟು ಹೊತ್ತು ಸುಮ್ಮನಿರಿಸಿದ್ದೀರಿ, ಇನ್ನು ಎರಡು ನಿಮಿಷ ಕೊಡಿ. ಕುಮಟಾ ಹತ್ತಿಯ ಬಂದರಾಗಿದ್ದ ಕಾಲದಲ್ಲಿ ಹುಬ್ಬಳ್ಳಿ, ಶಿರಸಿ ಕಡೆಯಿಂದ ಹತ್ತಿಯ ಗಾಡಿಗಳು ದೇವಿಮನೆ ಘಟ್ಟ ಇಳಿದು ಬರುತ್ತಿದ್ದವು. ಇಳಿಜಾರಿನಲ್ಲಿ ಚಕ್ರಕ್ಕೆ ಅಡ್ಡ ಒಂದು ಮರದ ತುಂಡು ಒತ್ತುವ ಹಾಗೆ ಕಟ್ಟಿ, ಅದರ ಹಗ್ಗವನ್ನು ಗಾಡಿಯವನು ಕೈಯಲ್ಲಿ ಹಿಡಿದಿರುತ್ತಿದ್ದನಂತೆ. ನನ್ನ ಅಜ್ಜ ಅಂಥ ಗಾಡಿಗಳನ್ನು ಕಂಡವನೊಬ್ಬನ ಮಾತು ಕೇಳಿದ್ದವನು. ಮಳೆ ಬಂದು ನೆಲ ಜಾರುತ್ತಿದೆಯೇ, ಎತ್ತು ಸುಸ್ತಾಗಿದೆಯೇ, ಹತ್ತಿ ಒದ್ದೆಯಾಗಿ ತೂಕ ಹೆಚ್ಚಿದೆಯೇ, ಎಲ್ಲವೂ ಆ ಹಗ್ಗದಲ್ಲಿ ಅಂಗೈಗೆ ಗೊತ್ತಾಗುತ್ತಿತ್ತು ಎನ್ನುತ್ತಿದ್ದ. ಹ್ಯಾಂಡ್ ಬ್ರೇಕಿನ ಒಳಗಿರುವ ಕೇಬಲ್ ಆ ಹಗ್ಗದ ಮೊಮ್ಮಗ. ಸ್ವಿಚ್ಚಿನ ಹಿಂದೆ ಇರುವ ತಂತಿ ಮಾತ್ರ ಯಾರ ಮನೆಯದೋ ಗೊತ್ತಿಲ್ಲ, ಅದು ನಮ್ಮ ಅಂಗೈಗೆ ಏನನ್ನೂ ಹೇಳುವುದಿಲ್ಲ.

ಹಾಗಾದರೆ ಇಂಥ ಗಾಡಿ ಯಾಕೆ ತಂದೆ ಎಂದು ನೀವು ಕೇಳಬಹುದು. ಬಣ್ಣ ನೋಡಿ ತಂದೆ. ಸಂಕ್ರಾಂತಿ ಕಳೆದ ಮೇಲೆ ಶೋರೂಮಿನಲ್ಲಿ ಅದರ ಸುತ್ತ ಮೂರು ಸುತ್ತು ಬಂದೆ, ಬಾಗಿಲು ತೆರೆದು ಮುಚ್ಚಿದೆ, ಡಿಕ್ಕಿಯೊಳಗೆ ತಲೆ ಹಾಕಿದೆ. ಹ್ಯಾಂಡ್ ಬ್ರೇಕು ಇದೆಯೇ ಎಂದು ನೋಡಲಿಲ್ಲ. ಮನೆ ಕೊಳ್ಳುವವನು ಬಾಗಿಲು ಇದೆಯೇ ಎಂದು ಕೇಳುತ್ತಾನೆಯೇ? ಹಳೆಯದನ್ನು ಮಾರಲು ಮನಸ್ಸಾಗಲಿಲ್ಲ. ಸುಮಂಗಲಾ ಕಲಿಯಲಿ, ತಾಗಿದರೆ ಅದಕ್ಕೇ ತಾಗಲಿ ಎಂದು ಇಟ್ಟುಕೊಂಡೆ. ಹೊಸದನ್ನು ಅವಳು ಮುಟ್ಟುವ ಹಾಗಿರಲಿಲ್ಲ.

ಹೊಸ ಕಾರು ಬಂದ ಎರಡನೆಯ ವಾರ ನಾವಿಬ್ಬರೂ ಕರ್ಕಿಯ ನೆಂಟರ ಮನೆಗೆ ಹೊರಟೆವು. ಓಡಿಸುತ್ತಿದ್ದವನು ನಾನು. ಏರಿನಲ್ಲಿ ಟ್ಯಾಂಕರುಗಳಿಗಾಗಿ ನಿಂತು ಸ್ವಿಚ್ಚು ಎತ್ತಿದೆ. ಹೊರಡುವಾಗ ಅದನ್ನು ಇಳಿಸುವುದೂ ಬೇಡ, ಆಕ್ಸಿಲರೇಟರ್ ಒತ್ತಿದರೆ ಬ್ರೇಕು ತಾನೇ ಬಿಡುತ್ತದೆ ಎಂದು ಶೋರೂಮಿನವರು ಹೇಳಿದ್ದರು. ಒತ್ತಿದೆ. ಬಿಡಲಿಲ್ಲ. ಇನ್ನೂ ಒತ್ತಿದೆ. ಗಾಡಿ ಗುರುಗುಟ್ಟಿತು, ಹಿಂಭಾಗ ಕುಸಿಯಿತು, ಸುಟ್ಟ ವಾಸನೆ ಬಂತು, ಅಂಗುಲವೂ ಕದಲಲಿಲ್ಲ. ಹಿಂದೆ ನಾಲ್ಕು ಗಾಡಿ ಸೇರಿದವು. ನಾನು ಕಂಪನಿಯವರಿಗೂ ಸ್ವಿಚ್ಚನ್ನು ಕಂಡುಹಿಡಿದವನಿಗೂ ಸೇರಿಸಿ ಬೈಯತೊಡಗಿದೆ. ಎದುರಿನ ಪರದೆಯ ಮೇಲೆ ಏನೋ ಸಣ್ಣಕ್ಷರದಲ್ಲಿ ಬರುತ್ತಿತ್ತು, ಆದರೆ ಓದುವ ಕನ್ನಡಕ ಚೀಲದಲ್ಲಿತ್ತು. ಸುಮಂಗಲಾ ಬಗ್ಗಿ ಅದನ್ನು ಓದಿದಳು. ನನ್ನ ಭುಜದ ಮೇಲಿಂದ ಸೀಟ್ ಬೆಲ್ಟು ಎಳೆದು ನನ್ನ ಸೊಂಟದ ಹತ್ತಿರ ಸಿಕ್ಕಿಸಿದಳು. ಗಾಡಿ ಸರಾಗವಾಗಿ ಹೆದ್ದಾರಿ ಹತ್ತಿತು.

ಬೆಲ್ಟು ಹಾಕದೆ ಆಕ್ಸಿಲರೇಟರ್ ಒತ್ತಿದರೆ ಆ ಬ್ರೇಕು ತಾನಾಗಿ ಬಿಡುವುದಿಲ್ಲ. ಅದು ಅದರ ನಿಯಮ. ನಮ್ಮ ಕಡೆಯ ನಿಯಮ ಬೇರೆ: ಬೆಲ್ಟು ಹಾಕುವುದು ಹೆದ್ದಾರಿ ಮುಟ್ಟಿದ ಮೇಲೆ, ಪೊಲೀಸರು ನಿಲ್ಲುವ ಜಾಗ ಬರುವ ಸ್ವಲ್ಪ ಮೊದಲು. ಸ್ವಂತ ಓಣಿಯಲ್ಲಿ ಬೆಲ್ಟು ಹಾಕಿಕೊಂಡು ಹೋದರೆ ಜನ, ಏನು ಮೇಷ್ಟ್ರು ದೂರ ಹೊರಟಿರಾ ಎಂದು ಕೇಳುತ್ತಾರೆ. ಆ ಕಂಪನಿಯವರು ಲೋಕದ ಎಲ್ಲ ಅಪಾಯಗಳನ್ನೂ ಲೆಕ್ಕ ಹಾಕಿದ್ದಾರೆ, ಕುಮಟಾದ ಈ ಸಂಕೋಚವನ್ನು ಹಾಕಿಲ್ಲ. ಹ್ಯಾಂಡ್ ಬ್ರೇಕು ಎಂದಾದರೂ ನಿಮ್ಮ ಬೆಲ್ಟಿನ ಉಸಾಬರಿಗೆ ಬಂದದ್ದುಂಟೇ? ಕರ್ಕಿ ಮುಟ್ಟುವವರೆಗೂ ನಾನು ಇದನ್ನೇ ಹೇಳುತ್ತಿದ್ದೆ. ಅವಳು ಕಿಟಕಿಯ ಹೊರಗೆ ನೋಡಿ ನಗುತ್ತಿದ್ದಳು.

ಭಟ್ಕಳದಲ್ಲಿ ಆದದ್ದು ಇದಕ್ಕಿಂತ ದೊಡ್ಡದು. ಮಾರ್ಚ್ ತಿಂಗಳಲ್ಲಿ ಇಲ್ಯಾಸ್ ಭಾಯಿಯ ಮಗಳ ಮದುವೆ. ಅವರ ಮನೆ ಹಳೆಯ ಪೇಟೆಯ ಓಣಿಯಲ್ಲಿ. ಅಲ್ಲಿ ಮದುವೆಗೆ ಕಾರು ನಿಲ್ಲಿಸುವುದಕ್ಕೆ ಒಂದು ಪದ್ಧತಿಯಿದೆ. ಜಾಗವಿಲ್ಲದಿದ್ದರೆ ಇನ್ನೊಬ್ಬರ ಗಾಡಿಗೆ ಅಡ್ಡವಾಗಿಯೇ ನಿಲ್ಲಿಸಬಹುದು, ಆದರೆ ಗಿಯರು ನ್ಯೂಟ್ರಲಿನಲ್ಲಿರಬೇಕು, ಹ್ಯಾಂಡ್ ಬ್ರೇಕು ಬಿಟ್ಟಿರಬೇಕು. ಒಳಗಿನವರಿಗೆ ಹೊರಡಬೇಕಾದರೆ ಇಬ್ಬರು ಸೇರಿ ನಿಮ್ಮ ಗಾಡಿಯನ್ನು ಮುಂದೆ ದೂಡಿ, ತಮ್ಮದನ್ನು ತೆಗೆದು, ನಿಮ್ಮದನ್ನು ಮತ್ತೆ ಹಿಂದಕ್ಕೆ ತಂದಿಡುತ್ತಾರೆ. ನೀವು ಊಟ ಬಿಟ್ಟು ಏಳಬೇಕಾಗಿಲ್ಲ. ನಿಮ್ಮ ಗಾಡಿಯನ್ನು ಗುರುತಿಲ್ಲದವರ ಕೈಗೆ ಬಿಟ್ಟು ನಿಶ್ಚಿಂತೆಯಿಂದ ಬಿರಿಯಾನಿಗೆ ಕೂರುವುದು, ಇದಕ್ಕಿಂತ ದೊಡ್ಡ ನಂಬಿಕೆ ಊರಿನಲ್ಲಿ ನಾನು ಕಂಡಿಲ್ಲ. ಮೂವತ್ತು ವರ್ಷ ಅಲ್ಲಿ ಎಷ್ಟೋ ಮದುವೆ ಉಂಡವನು, ಪದ್ಧತಿಯಂತೆ ನ್ಯೂಟ್ರಲ್ ಮಾಡಿ, ಸ್ವಿಚ್ಚನ್ನು ಮುಟ್ಟದೆ, ಕೀಲಿ ಜೇಬಿಗೆ ಹಾಕಿ ಒಳಗೆ ಹೋದೆ. ನಾನು ಹಾಕದಿದ್ದರೂ, ಎಂಜಿನ್ ಆರಿದ ಕೂಡಲೇ ಅದು ತಾನೇ ಬ್ರೇಕು ಹಾಕಿಕೊಳ್ಳುತ್ತದೆ ಎಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ದೊಡ್ಡ ತಟ್ಟೆಯ ಸುತ್ತ ನಾವು ಐದಾರು ಮಂದಿ ಕೂತು ಎರಡನೆಯ ತುತ್ತು ಎತ್ತಿದ್ದೆವು. ಮೈಕಿನಲ್ಲಿ ಕುಮಟಾದ ಸರ್ ಕೂಡಲೇ ಹೊರಗೆ ಬರಬೇಕು ಎಂದು ಕರೆದರು. ಹೊರಗೆ ನೋಡಿದರೆ ಹೊಸ ಬಟ್ಟೆ ತೊಟ್ಟ ಎಂಟು ಜನ ಗಂಡಸರು ನನ್ನ ಕಾರನ್ನು ದೂಡುತ್ತಿದ್ದಾರೆ, ಬೆವರು ಇಳಿಯುತ್ತಿದೆ, ಕಾರು ಬಂಡೆಯ ಹಾಗೆ ಕೂತಿದೆ. ಅದರ ಹಿಂದೆ ಸಿಕ್ಕಿಹಾಕಿಕೊಂಡದ್ದು ಮದುಮಗನ ಹೂವಿನ ಕಾರು. ನಾನು ಎಂಜಲು ಕೈಯಲ್ಲೇ ಕೀಲಿ ತೆಗೆದು ಗಾಡಿ ಸರಿಸಿದೆ. ಹಿರಿಯರೊಬ್ಬರು ನೀರಿನ ಚೊಂಬು ಹಿಡಿದು ನನ್ನ ಕೈಗೆ ನೀರು ಹಾಕಿದರು. ಆದರೆ ನನ್ನ ಮುಖ ನೋಡಿ ಅವರು ಅಂದುಕೊಂಡದ್ದು ನನಗೆ ಗೊತ್ತು: ಇಷ್ಟು ವರ್ಷ ಇಲ್ಲಿ ಉಂಡವರು, ನಮ್ಮ ಮೇಲೆ ನಂಬಿಕೆ ಇಲ್ಲದೆ ಬ್ರೇಕು ಹಾಕಿ ಹೋಗಿದ್ದಾರಲ್ಲ. ಇಲ್ಯಾಸ್ ಭಾಯಿ ಮಾತ್ರ ನಕ್ಕು ಬೆನ್ನು ತಟ್ಟಿದರು. ಸ್ವಿಚ್ಚಿನ ಬ್ರೇಕಿನ ಅವಗುಣಗಳಲ್ಲಿ ಇದು ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅದಕ್ಕೆ ಊರಿನವರ ಮೇಲೆ ಭರವಸೆ ಇಲ್ಲ.

ಮನೆಗೆ ಬಂದು ಈ ಕಥೆಯನ್ನು ಸುಮಂಗಲಾಗೆ ಹೇಳಿದೆ. ಹೊಸ ಕಾರಿನ ತಂಟೆಗೆ ಬರದಿರಲಿ ಎಂದು ಹೆದರಿಸಲಿಕ್ಕೆ ಹೇಳಿದ್ದು. ಅವಳು ಉತ್ತರಪತ್ರಿಕೆ ತಿದ್ದುತ್ತಿದ್ದವಳು ತಲೆ ಎತ್ತಿ, "ಹಂಗಾದ್ರೆ ಅದ್ರಲ್ಲಿ ನೀವು ಪಕ್ಕದಲ್ಲಿ ಕೂತು ಎಂತ ಎಳೆಯುಕೂ ಆಗುದಿಲ್ಲ" ಎಂದಳು. ಆಗುವುದಿಲ್ಲ ಎಂದೆ. ಅದೇ ಅದರ ದೋಷ ಎಂದೂ ಸೇರಿಸಿದೆ. ಆ ಸ್ವಿಚ್ಚು ಓಡಿಸುವವರ ಬಲಮೊಣಕಾಲಿನ ಹತ್ತಿರ, ಬಾಗಿಲ ಕಡೆಗೆ ಇದೆ. ಪಕ್ಕದಲ್ಲಿ ಕೂತವನಿಗೆ ಅದು ಕಾಣುವುದೂ ಇಲ್ಲ. ಅವಳು ಮತ್ತೆ ತಲೆ ಬಗ್ಗಿಸಿ ಒಬ್ಬ ವಿದ್ಯಾರ್ಥಿಗೆ ಎರಡು ಅಂಕ ಹೆಚ್ಚು ಕೊಟ್ಟಳು.

ಏಪ್ರಿಲ್‌ನಲ್ಲಿ ರಜೆ ಶುರುವಾದ ಮೊದಲ ದಿನ ಅವಳು ಹೊಸ ಕಾರಿನ ಕೀಲಿ ಕೇಳಿದಳು. ಬಣ್ಣ ಎಂದೆ. ಗೀರು ಬಿದ್ದರೆ ಎಂದೆ. ಅವಳು ಕೈ ಚಾಚಿಕೊಂಡೇ ನಿಂತಿದ್ದಳು, ಕೊಟ್ಟೆ. ಬೆಲ್ಟು ಹಾಕಿದಳು, ನನಗೂ ಹಾಕಿಸಿದಳು. ಏರಿನ ಬುಡಕ್ಕೆ ಬಂದಾಗ ನನ್ನ ಬಲಗೈ ಅಭ್ಯಾಸದಂತೆ ಇಳಿಯಿತು, ಲೋಟದ ಕುಳಿಗೆ ಬಿತ್ತು. ಅಲ್ಲಿಂದ ಎದ್ದು ಬಾಗಿಲಿನ ಹಿಡಿಕೆಗೆ ಹೋಯಿತು, ಅಲ್ಲಿಂದ ನನ್ನ ಮೊಣಕಾಲಿಗೆ. ಕಾಲುಗಳೆರಡೂ ನೆಲಹಾಸನ್ನು ಒತ್ತುತ್ತಿದ್ದವು. ಟ್ಯಾಂಕರು ಹೋಯಿತು. ಅವಳು ಕ್ಲಚ್ಚು ಬಿಟ್ಟಳು. ಗಾಡಿ ಹೆದ್ದಾರಿ ಹತ್ತಿತು.

ಮೊದಲನೆಯದು ಅದೃಷ್ಟ ಎಂದುಕೊಂಡೆ. ವಾಪಸು ಬಂದು ಮತ್ತೆ ಹತ್ತಿಸಿದಳು. ಆ ದಿನ ಒಟ್ಟು ಹನ್ನೊಂದು ಸಲ. ಒಂದು ಸಲವೂ ಎಂಜಿನ್ ನಿಲ್ಲಲಿಲ್ಲ. ಏಳನೆಯ ಸಲದ ಹೊತ್ತಿಗೆ ನನಗೆ ವಿಷಯ ಹೊಳೆಯಿತು, ಹೊಳೆದ ಮೇಲೆ ಅವಳ ಮುಖ ನೋಡಲಾಗಲಿಲ್ಲ. ಅವಳ ಕ್ಲಚ್ಚು ನವೆಂಬರಿನಿಂದಲೂ ಸರಿಯೇ ಇತ್ತು. ಗಾಡಿ ಅಲುಗಿದ ಕೂಡಲೇ ಹಿಂದೆ ಜಾರುತ್ತಿದೆ ಎಂದು ಹೆದರಿ ಲಿವರು ಎಳೆಯುತ್ತಿದ್ದವನು ನಾನು. ಹೊರಟ ಗಾಡಿಯ ಚಕ್ರವನ್ನು ಹಿಂದಿನಿಂದ ಹಿಡಿದರೆ ಯಾವ ಎಂಜಿನ್ ನಿಲ್ಲುವುದಿಲ್ಲ? ಪ್ರತಿ ಸಲವೂ ನಿಲ್ಲಿಸಿದ್ದು ನನ್ನ ಕೈ, ತಲೆ ತಗ್ಗಿಸಿದ್ದು ಅವಳು. ಐದು ತಿಂಗಳು ಅವಳು ತನ್ನ ಕಾಲಿಗೇ ಬರುವುದಿಲ್ಲ ಎಂದು ನಂಬಿದ್ದಳು, ನಾನೂ ನಂಬಿಸಿದ್ದೆ. ಆ ಅರ್ಜಿಯ ನಮೂನೆ ನೆನಪಾಗಿ ನನಗೆ ಬಹಳ ನಾಚಿಕೆಯಾಯಿತು. ಹನ್ನೊಂದನೆಯ ಸಲ ಹತ್ತಿದ ಮೇಲೆ ರಸ್ತೆ ಬದಿಗೆ ನಿಲ್ಲಿಸಲು ಹೇಳಿ, ತಪ್ಪು ನನ್ನದು ಎಂದೆ. "ನನಗೆ ಗೊತ್ತಿತ್ತು" ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳಿಗೂ ಗೊತ್ತಿರಲಿಲ್ಲ. ಸ್ಟಿಯರಿಂಗ್ ಬಿಟ್ಟು ಕಣ್ಣು ಒರೆಸಿಕೊಂಡಳು. "ಆತು, ಈಗ ಗೊತ್ತಾತಲ" ಎಂದು ಗಾಡಿ ತಿರುಗಿಸಿದಳು.

ತಪ್ಪು ಒಪ್ಪಿಕೊಂಡೆನೆಂದು ನನ್ನ ವಾದ ಬಿಟ್ಟುಕೊಟ್ಟೆ ಎಂದು ತಿಳಿಯಬೇಡಿ. ಕಳ್ಳನ ಕೈಗೆ ಸಿಕ್ಕಿತೆಂದು ಪಾನಾದ ದೋಷ ಹೇಳಲಾಗುತ್ತದೆಯೇ? ಮೇ ತಿಂಗಳಿಡೀ ನಾನು ಊಟಕ್ಕೆ ಕೂತಾಗ, ಪತ್ರಿಕೆ ಓದುವಾಗ, ಹ್ಯಾಂಡ್ ಬ್ರೇಕಿನ ಗುಣಗಳನ್ನು ಹೇಳುತ್ತಲೇ ಇ‌ದ್ದೆ. ಬ್ಯಾಟರಿ ಇಳಿದರೆ ಸ್ವಿಚ್ಚು ಸತ್ತುಹೋಗುತ್ತದೆ, ಆಮೇಲೆ ಬಿದ್ದ ಬ್ರೇಕನ್ನು ಬಿಡಿಸುವವರಿಲ್ಲ. ಹ್ಯಾಂಡ್ ಬ್ರೇಕಿಗೆ ಬ್ಯಾಟರಿ ಬೇಡ, ಪರದೆ ಬೇಡ, ಕಂಪ್ಯೂಟರ್ ಬೇಡ. ಒಂದು ಅಂಗೈ ಸಾಕು. ಅವಳು ಹೂಂ ಎನ್ನುತ್ತಿದ್ದಳು. ಆ ನಡುವೆ ಹಳೆಯ ಕಾರಿನಲ್ಲಿ ಒಂದು ವಿಚಿತ್ರ ಕಂಡೆ. ಆರು 'ಕಟ್'ಗೆ ಎಳೆದಿಟ್ಟ ಹ್ಯಾಂಡ್ ಬ್ರೇಕು ಬೆಳಗಿನ ವಾಕಿಂಗ್ ಮುಗಿಸಿ ಬಂದು ನೋಡಿದರೆ ಏಳರಲ್ಲಿ ಇರುತ್ತಿತ್ತು. ಕೇಬಲ್ ಸಡಿಲಾಗಿದೆ ಎಂದು ಭಟ್ಕಳಕ್ಕೆ ಒಯ್ದೆ. ಇಲ್ಯಾಸ್ ಭಾಯಿ ಕೆಳಗೆ ಮಲಗಿ ನೋಡಿ, ಕೇಬಲ್ ಹೊಸದರ ಹಾಗಿದೆ, ಮನೆಯಲ್ಲಿ ಬೇರೆ ಯಾರೋ ನಿಮಗಿಂತ ಗಟ್ಟಿಯಾಗಿ ಎಳೆಯುತ್ತಿದ್ದಾರೆ ಎಂದರು. ಹಾಗೆ ಯಾರೂ ಇಲ್ಲ ಎಂದು ನಾನು ಖಂಡಿತವಾಗಿ ಹೇಳಿದೆ.

ಶಾಲೆ ಶುರುವಾಗುವ ದಿನ ಬಂತು. ನಾನು ಬೇಗ ಎದ್ದು ಹೊಸ ಕಾರನ್ನು ಒರೆಸಿ, ಮೂತಿ ಗೇಟಿನ ಕಡೆಗೆ ಮಾಡಿ ನಿಲ್ಲಿಸಿದ್ದೆ. ಸುಮಂಗಲಾ ಚೀಲ, ಊಟದ ಡಬ್ಬಿ, ಕೊಡೆ ಹಿಡಿದು ಹೊರಗೆ ಬಂದು, ಅದನ್ನು ದಾಟಿಕೊಂಡು ಹೋಗಿ ಹಳೆಯ ಕಾರಿನ ಬಾಗಿಲು ತೆರೆದಳು. ಒಂದು ತಿಂಗಳು ನಾನು ವಾಕಿಂಗಿಗೆ ಹೋದ ಹೊತ್ತಿನಲ್ಲಿ ಅವಳು ಒಬ್ಬಳೇ ಅದನ್ನು ಏರು ಹತ್ತಿಸಿ ಇಳಿಸುತ್ತಿದ್ದಳಂತೆ. ಏಳು 'ಕಟ್' ಅವಳದ್ದು. ನನಗಾದ ಸಂತೋಷ ಹೇಳಲಾರೆ. ಕೊನೆಗೂ ನನ್ನ ಮಾತು ಸರಿ ಎಂದು ಒಪ್ಪಿದೆಯಲ್ಲ ಎಂದೆ.

ಅವಳು ಒಳಗೆ ಕೂತು ಚೀಲವನ್ನೂ ಕೊಡೆಯನ್ನೂ ಪಕ್ಕದ ಸೀಟಿನ ಮೇಲೆ ಇಟ್ಟಳು.

"ನೀವು ಹೇಳಿದ್ದು ಖರೆ. ಹ್ಯಾಂಡ್ ಬ್ರೇಕಿನ ಗಾಡಿಯೇ ಒಳ್ಳೇದು. ಈ ಸೀಟಿನಲ್ಲಿ ನೀವು ಇಲ್ದೇ ಇದ್ರೆ."

ಅಷ್ಟು ಹೇಳಿ ಬೆಲ್ಟು ಹಾಕಿಕೊಂಡಳು, ನಮ್ಮ ಓಣಿಯಲ್ಲೇ. ವಾದ ಪೂರ್ತಿ ಗೆದ್ದವನಿಗೆ ಅಲ್ಲಿ ಉಳಿದಿದ್ದ ಕೆಲಸ ಒಂದೇ. ಹೊಸ ಕಾರನ್ನು ಬದಿಗೆ ಸರಿಸಿ ಅವಳಿಗೆ ದಾರಿ ಬಿಟ್ಟೆ.